ಗಾಳಿಗೋಪುರದ ಕಂತು

ಸಮಿತಿಯ ಮಾತನ್ನು ಅಕ್ಷರಕ್ಕಿಳಿಸುವುದು ನನ್ನ ಕೆಲಸ.
ಹದಿನಾಲ್ಕು ವರ್ಷ, ಡಬ್ಲಿನ್ನಿನ ಅದೇ ನೆಲಮಾಳಿಗೆ,
ಕಿವಿಗೆ ಅದೇ ಹೆಡ್‌ಫೋನು.
ಕೆಮ್ಮನ್ನು ಬರೆಯುವಂತಿಲ್ಲ. ನಿಟ್ಟುಸಿರನ್ನೂ.
ನಗುವಿಗೆ ಮಾತ್ರ ಜಾಗವಿದೆ, ಅದೂ ಹಲವರು ನಕ್ಕರೆ:
‘ಸಭೆಯಲ್ಲಿ ನಗು’ ಎಂದೊಂದು ಸಾಲು.

ಆ ಮಂಗಳವಾರ ವಿಮೆಯ ವಿಚಾರಣೆ.
ಸಾಕ್ಷಿ ಅಟ್ರಾಕ್ಟಾ ಫೀಲಿ, ಲೀಟ್ರಿಮ್ ಸೀಮೆಯವಳು.
ಕಸುಬು ಕೇಳಿದರು.
ಗಾಳಿಗೋಪುರ ಬಾಡಿಗೆಗೆ ಕೊಡುತ್ತೇನೆ, ಅಂದಳು.

ನಿಜವಾದ ಗಾಳಿ, ನಿಜವಾದ ಗೋಪುರ:
ರಬ್ಬರಿನ ನಾಲ್ಕು ಬುರುಜು, ಒಳಗೆ ಪಂಪಿನ ಉಸಿರು,
ಮಕ್ಕಳು ಬೂಟು ಕಳಚಿ ಹತ್ತಿ ಕುಣಿಯುವಂಥದು.

‘ಹನ್ನೊಂದು ವರ್ಷ. ಒಬ್ಬರ ಹಲ್ಲೂ ಮುರಿದಿಲ್ಲ.
ಬಿದ್ದದ್ದು ಒಂದೇ, ಹಾಲುಹಲ್ಲು, ಅದು ಮೊದಲೇ ಅಲ್ಲಾಡುತ್ತಿತ್ತು.
ಮೊದಲ ಕಂತು ಒಂಬೈನೂರು ಯೂರೋ.
ಆಮೇಲೆ ಎರಡು ಸಾವಿರ. ಆಮೇಲೆ ಏಳು ಸಾವಿರದ ನಾನೂರು.
ಯಾಕೆ ಅಂದೆ. ಮಾರುಕಟ್ಟೆ ಹಾಗಿದೆ ಅಂದರು.
ಎಷ್ಟು ಕಂಪನಿಗಳಿವೆ ಅಂದೆ. ಒಂದು.
ಒಂದೇ ಅಂಗಡಿ ಹಾಕಿಕೊಂಡು ಅದಕ್ಕೆ ಸಂತೆ ಅನ್ನುತ್ತೀರಾ?’

ಸಭೆಯಲ್ಲಿ ನಗು.
ಹಾಗೆಯೇ ಬರೆದೆ. ಅವಳು ನಗಲಿಲ್ಲ.
ಅದನ್ನು ಬರೆಯುವ ಪದ್ಧತಿಯಿಲ್ಲ.

ಕಂಪನಿಯ ಕಡೆಯವರು ನುಣ್ಣಗೆ ಮಾತಾಡಿದರು:
ಕತ್ತು ಉಳುಕಿದರೆ ಇಲ್ಲಿ ಪರಿಹಾರ ಇಷ್ಟು ಸಾವಿರ,
ಸಮುದ್ರದಾಚೆ ಅದರ ಕಾಲು ಪಾಲು, ವಕೀಲರದ್ದು ಬೇರೆ.
ವಕೀಲರು ಬಂದರು: ಮೊದಲು ನಿಮ್ಮ ಲಾಭದ ಪುಟ ತೆರೆಯಿರಿ.
ಅತ್ತೆ ಸೊಸೆಗೆ ಬೆರಳು ತೋರಿಸಿ, ಸೊಸೆ ಅತ್ತೆಗೆ;
ಒಡೆದ ಗಡಿಗೆ ನಡುವೆ.
ಇಬ್ಬರ ಮಾತೂ ತಡವರಿಸಿತು,
ಬೇರೆ ಬೇರೆ ಅಂಕಿಗಳ ಬಳಿ.

ಆಮೇಲಿನದು ಸರಕಾರದ ನಡಿಗೆ, ಬಸವನಹುಳು ಮೇಲು.
ಕರಡು, ಕರಡಿನ ಮೇಲೆ ಟಿಪ್ಪಣಿ, ಟಿಪ್ಪಣಿಗೆ ಸಮಜಾಯಿಷಿ.
ಒಂದು ಚುನಾವಣೆ. ಸಚಿವರು ಬದಲು. ಕಡತದ ಬಣ್ಣ ಬದಲು.
ಆದರೂ ಕಲ್ಲು ತುಸು ಸರಿಯಿತು ಅನ್ನಬೇಕು:
ನ್ಯಾಯಾಧೀಶರು ಕೂತು ಪುಸ್ತಿಕೆ ಬರೆದರು,
ಕತ್ತಿಗಿಷ್ಟು, ಕಾಲ್ಗಂಟಿಗಿಷ್ಟು, ಕಿರುಬೆರಳಿಗಿಷ್ಟು.
ಬಿಟ್ಟುಹೋಗದ ಹಳೆಯ ಗಿರಾಕಿಯಿಂದಲೇ
ವರ್ಷವರ್ಷ ಹೆಚ್ಚು ಕೀಳುವುದು ನಿಷೇಧವಾಯಿತು.
ನನ್ನ ಕಾರಿನ ವಿಮೆ ಒಂದೇ ಕಂಪನಿಯಲ್ಲಿ, ಒಂಬತ್ತು ವರ್ಷದಿಂದ.
ನಿಯತ್ತಿಗೂ ದಂಡ ಕಟ್ಟುತ್ತಿದ್ದೆನೆಂದು
ಆ ಕಲಮು ಟೈಪು ಮಾಡುವಾಗ ತಿಳಿಯಿತು.
ಇನ್ನೊಂದು ಕಂಪನಿಯನ್ನು ಕರೆತರಲು
ಒಂದು ಕಚೇರಿ ತೆರೆದರು, ಎರಡು ಮೇಜು, ಒಂದು ಫೋನು.

ಮೇ ತಿಂಗಳು. ತಂಗಿಯ ಮಗಳ ಮೊದಲ ಪರಮಪ್ರಸಾದ.
ಕ್ಯಾರಿಕ್ ಊರಿನ ಹಿತ್ತಲಿಗೆ ಬಿಳಿ ವ್ಯಾನು ಹಿಂದಕ್ಕೆ ಬಂತು.
ಇಳಿದವಳ ದನಿ ಗುರುತಾಯಿತು, ಮುಖವಲ್ಲ;
ನನಗೆ ಜನ ಸಿಗುವುದೇ ಹಾಗೆ.
ನಾನು ಯಾರೆಂದು ಅವಳಿಗೇನು ಗೊತ್ತು.

‘ಮೂರು ಬೇಸಿಗೆ ಕೊಟ್ಟಿಗೆಯಲ್ಲಿ ಮಡಚಿಟ್ಟಿದ್ದೆ,’ ಎಂದಳು ತಂಗಿಗೆ,
‘ಇಲಿ ಒಂದು ಬುರುಜು ತಿಂದಿತ್ತು. ಹೊಲಿಸಿದೆ.’
ಕಂತು?
‘ಮೂರು ಸಾವಿರದ ನೂರು. ಕಡಿಮೆಯೇನಲ್ಲ.
ಆದರೆ ಈಗ ಇಬ್ಬರಿದ್ದಾರೆ.
ಒಬ್ಬನ ಜೊತೆ ಮಾತಾಡುವಾಗ
ಇನ್ನೊಬ್ಬನ ಹೆಸರು ಎತ್ತಬಹುದು.’

ಪಂಪು ಗುರುಗುಟ್ಟಿತು. ಬುರುಜುಗಳು ಒಂದೊಂದಾಗಿ ಎದ್ದವು,
ಮಲಗಿದ್ದ ಹಸುಗಳು ಹಿಂಗಾಲು ಮೊದಲು ಊರಿ ಏಳುವಂತೆ.
ಹೊಲಿಗೆ ಬಿದ್ದದ್ದು ಕೊನೆಗೆ, ಸ್ವಲ್ಪ ವಾಲಿಕೊಂಡು.
ಬಿಳಿ ಗೌನುಗಳು, ಹಸಿರು ಹತ್ತಿದ ಕಾಲುಚೀಲಗಳು, ಕಿರುಚು.

ಆಗ ಪಕ್ಕದ ಮನೆಯ ಓರಾನ್, ಐದು ವರ್ಷದವನು,
ಪುಟಿದು, ಅಂಚು ದಾಟಿ, ಹುಲ್ಲಿಗೆ ಬಿದ್ದ.

ದೊಡ್ಡವರೆಲ್ಲ ಸುಮ್ಮನಾದರು. ಪಂಪಿನ ಸದ್ದು ಮಾತ್ರ.
ಅವನು ಮೊಣಕೈ ನೋಡಿಕೊಂಡ.
ಆಮೇಲೆ ಒಬ್ಬೊಬ್ಬರ ಮುಖ ನೋಡಿದ,
ಅಳಬೇಕೋ ಬೇಡವೋ ಎಂದು ಕೇಳುವಂತೆ:
ತಾಯಿಯದು, ನನ್ನದು, ಅಟ್ರಾಕ್ಟಾಳದು.

ಅವಳು ಉಸಿರು ಬಿಗಿಹಿಡಿದಿದ್ದಳು.
ನನ್ನ ಬೆರಳು ತೊಡೆಯ ಮೇಲೆ ತಾವೇ ಆಡಿದವು,
ಬರೆಯುವಂತಿಲ್ಲದ್ದನ್ನು ಬರೆಯುತ್ತ.

ಓರಾನ್ ಇನ್ನೂ ಯೋಚಿಸುತ್ತಿದ್ದ.